ನಾಯಕಿ ಇದ್ದರೆ ಹೆಣ್ಣುಮಕ್ಕಳು ಗೇಮ್ ಆಡುತ್ತಾರಾ?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಹಾಳುಬಿದ್ದ ಕೋಟೆಯೊಂದರಲ್ಲಿ ಗೋಡೆ ಹತ್ತುತ್ತ, ಕಾವಲುಗಾರರ ಕಣ್ಣು ತಪ್ಪಿಸುತ್ತ, ಒಗಟು ಬಿಡಿಸುತ್ತ ಸಾಗುವ ಆಟ. ನಾಯಕ ಹುಡುಗ, ಕೊನೆಯ ಕೋಣೆಯಲ್ಲಿ ಸೆರೆಯಾಗಿರುವ ತಂಗಿಯನ್ನು ಅವನು ಬಿಡಿಸಬೇಕು. ಇಲ್ಲಿಯವರೆಗೆ ಡೆಮೊ ಆಡಿದವರೆಲ್ಲ ಹುಡುಗರೇ. 'ಒಬ್ಬ ನಾಯಕಿಯನ್ನು ಹಾಕಿದರೆ ಹುಡುಗಿಯರೂ ಆಡುತ್ತಾರೆ' ಎಂದು ಒಬ್ಬ ಹೇಳುತ್ತಾನೆ. 'ಅವರಿಗೆ ಕ್ಯಾಂಡಿ ಕ್ರಷ್ ಥರದ್ದೇ ಇಷ್ಟ, ಸುಮ್ಮನೆ ಶ್ರಮ' ಎಂದು ಇನ್ನೊಬ್ಬ. ನಾಯಕಿ ಬಂದರೆ ಹುಡುಗರು ಡೌನ್‌ಲೋಡ್ ಮಾಡುವುದಿಲ್ಲ ಎಂಬ ಭಯ ಮೂರನೆಯವನಿಗೆ. ನಿಜಕ್ಕೂ ಹೆಣ್ಣುಮಕ್ಕಳಿಗೆ ಎಂಥ ಗೇಮ್ ಇಷ್ಟ, ಎಂಥ ನಾಯಕಿ ಇಷ್ಟ?

ಉತ್ತರ: ನಿಮ್ಮ ಎರಡನೆಯ ಗೆಳೆಯನ ಮಾತಿನಿಂದಲೇ ಶುರು ಮಾಡುತ್ತೇನೆ. ಗೇಮ್ ಡಿಸೈನ್ ಕೆಲಸಕ್ಕೆ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದು. ಹೆಂಗಸರಿಗೆ ಸ್ಪರ್ಧೆ ಬೇಡ, ಸೋಲು ಗೆಲುವು ಬೇಡ, ಬಣ್ಣದ ಮಿಠಾಯಿ ಜೋಡಿಸಿಕೊಂಡು ಕೂತರೆ ಸಾಕು ಎನ್ನುವ ಮಾತು.

ನಾನು ಪುತ್ತೂರಿನ ಕಡೆಯವಳು. ಆಟಿ ತಿಂಗಳ ಮಳೆಯಲ್ಲಿ ಹೊರಗಿನ ಕೆಲಸ ನಿಂತಾಗ ನಮ್ಮ ಮನೆಯಲ್ಲಿ ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. 14 ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿ. ಆಡುತ್ತಿದ್ದವರು ಹೆಂಗಸರೇ. ಎದುರಿನವಳ ಗುಳಿಗಳಲ್ಲಿ ಎಷ್ಟೆಷ್ಟು ಉಳಿದಿದೆ ಎಂದು ತುಟಿ ಅಲ್ಲಾಡಿಸದೆ ಲೆಕ್ಕ ಹಾಕಿ, ಅವಳನ್ನು ಬರಿಗೈ ಮಾಡುವವರೆಗೆ ನನ್ನ ದೊಡ್ಡಮ್ಮ ಏಳುತ್ತಿರಲಿಲ್ಲ. ತುಳುನಾಡಿನ ಸಿರಿ ಪಾಡ್ದನ ಎಂಬ ಜನಪದ ಹಾಡುಗತೆಯಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತಲೇ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದಲೇ ಹೊಡೆಯುತ್ತಾಳೆ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದುದು ಅದಕ್ಕೇ. ಅಂಥ ಆಟವನ್ನು ತಲೆಮಾರುಗಳಿಂದ ಆಡಿಕೊಂಡು ಬಂದವರಿಗೆ ಗೆಲ್ಲುವ ಹಟವಿಲ್ಲ ಎಂದರೆ ನಾನು ಒಪ್ಪಲಾರೆ. ಆಟ ಯಾರ ಜಗಲಿಯಲ್ಲಿದೆ, ಅಲ್ಲಿ ಕೂರಲು ಯಾರಿಗೆ ಜಾಗವಿದೆ ಎನ್ನುವುದನ್ನು ಮೊದಲು ಕೇಳಬೇಕು. ರುಚಿಯ ಪ್ರಶ್ನೆ ಅದರ ನಂತರ.

ಈಗ ಅಂಕಿಅಂಶ. ಗೇಮ್ ಆಡುವವರ ಅಭಿರುಚಿಯನ್ನೇ ಅಧ್ಯಯನ ಮಾಡುವ ಕ್ವಾಂಟಿಕ್ ಫೌಂಡ್ರಿ ಎಂಬ ಅಮೆರಿಕದ ಸಂಸ್ಥೆಯಿದೆ. ನಿಕ್ ಯೀ ಎಂಬ ಸಂಶೋಧಕರು ಅದರ ಸ್ಥಾಪಕರಲ್ಲಿ ಒಬ್ಬರು. ಸುಮಾರು 2,70,000 ಜನ ತಾವಾಗಿಯೇ ತುಂಬಿದ ಪ್ರಶ್ನಾವಳಿಗಳನ್ನು ಆಧರಿಸಿ 2017ರಲ್ಲಿ ಅವರು ಒಂದು ಪಟ್ಟಿ ಪ್ರಕಟಿಸಿದರು. ಮೂರು ಮೂರು ಜೋಡಿಸುವ ಆಟ, ಹೊಲ-ತೋಟದ ಆಟಗಳನ್ನು ಇಷ್ಟಪಡುವವರಲ್ಲಿ ಶೇ. 69 ಮಹಿಳೆಯರು. ಗುಂಡು ಹಾರಿಸುವ ಫಸ್ಟ್ ಪರ್ಸನ್ ಶೂಟರ್‌ಗಳಲ್ಲಿ ಶೇ. 7, ಕ್ರೀಡೆಯ ಗೇಮ್‌ಗಳಲ್ಲಿ ಬರೀ ಶೇ. 2. ಈ ಎರಡು ತುದಿಗಳನ್ನಷ್ಟೇ ನೋಡಿದರೆ ನಿಮ್ಮ ಗೆಳೆಯ ಗೆದ್ದಂತೆಯೇ.

ಆದರೆ ಆ ಪಟ್ಟಿಯ ನಿಜವಾದ ಸ್ವಾರಸ್ಯ ನಡುವಿನಲ್ಲಿದೆ. ಪಾಶ್ಚಾತ್ಯ ಶೈಲಿಯ ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರವಾಗಿ ಕತೆಯೊಳಗೆ ಸಾಗುವ ಗೇಮ್‌ಗಳಲ್ಲಿ, ಮಹಿಳೆಯರ ಪ್ರಮಾಣ ಸರಾಸರಿ ಶೇ. 26. ಅದೇ ಗುಂಪಿಗೆ ಸೇರಿದ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್'ನಲ್ಲಿ ಶೇ. 48! ಇನ್ನೊಂದು ಕಡೆ, ಮಾಯಾಲೋಕದ ಆನ್‌ಲೈನ್ ಗೇಮ್‌ಗಳಲ್ಲಿ ಸರಾಸರಿ ಶೇ. 36 ಇದ್ದರೆ, ಅವುಗಳಲ್ಲೇ ಅತಿ ಪ್ರಸಿದ್ಧವಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಶೇ. 23 ಮಾತ್ರ. ಕತ್ತಿ ಅದೇ, ಮಂತ್ರ ಅದೇ, ದೈತ್ಯರನ್ನು ಕೊಲ್ಲುವ ಕೆಲಸವೂ ಅದೇ. ಒಂದು ಆಟದಲ್ಲಿ ಅರ್ಧಕ್ಕರ್ಧ ಹೆಂಗಸರು, ಪಕ್ಕದ ಆಟದಲ್ಲಿ ಕಾಲುಭಾಗ. ಹೆಂಗಸರಿಗೆ 'ಈ ಜಾತಿಯ ಗೇಮ್' ಇಷ್ಟ, 'ಆ ಜಾತಿಯದು' ಇಷ್ಟವಿಲ್ಲ ಎನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ. 2014ರಲ್ಲಿ ಬಂದ 'ಇನ್‌ಕ್ವಿಸಿಷನ್'ನಲ್ಲಿ ನೀವು ಹೆಣ್ಣಾಗಿ ಆಡಿದರೂ ಸೇನೆ ನಡೆಸುವವರು ನೀವೇ. ನಿಮ್ಮ ಬೇಹುಗಾರಿಕೆಯ ಮುಖ್ಯಸ್ಥೆ ಹೆಂಗಸು, ರಾಯಭಾರ ನೋಡಿಕೊಳ್ಳುವವಳೂ ಹೆಂಗಸು. ಜೊತೆಗಾರರ ಹತ್ತಿರ ಗಂಟೆಗಟ್ಟಲೆ ಮಾತಾಡಬಹುದು, ಮುನಿಸಿಕೊಳ್ಳಬಹುದು, ಪ್ರೀತಿಸಬಹುದು. ಹೋರಾಟ ಇಷ್ಟವಿಲ್ಲದೆ ಹೆಂಗಸರು ದೂರ ಉಳಿದಿದ್ದರೆ ಈ ಆಟಕ್ಕೂ ಬರುತ್ತಿರಲಿಲ್ಲ. ಇದರ ತುಂಬ ಹೋರಾಟವೇ ಇದೆ.

ಯೀ ಅವರ ಸಮೀಕ್ಷೆಗಳಲ್ಲಿ ಗಂಡು ಹೆಣ್ಣುಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತಲ್ಲ. 'ಆಟದಲ್ಲಿ ನಿಮಗೆ ಮುಖ್ಯವಾದದ್ದೇನು' ಎಂದರೆ ಗಂಡಸರು ಸ್ಪರ್ಧೆಯನ್ನೂ ಧ್ವಂಸ ಮಾಡುವ ಖುಷಿಯನ್ನೂ ಮುಂದಿಟ್ಟರು. ಹೆಂಗಸರು ಹಿಡಿದದ್ದನ್ನು ಪೂರ್ತಿ ಮುಗಿಸುವುದನ್ನು, ಬೇರೊಂದು ಲೋಕದಲ್ಲಿ ಬೇರೊಬ್ಬರಾಗಿ ಬದುಕುವುದನ್ನು ಮುಂದಿಟ್ಟರು. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಓದಬೇಕು: ಸ್ಪರ್ಧೆಯ ಆಸೆಯಲ್ಲಿ ಲಿಂಗಕ್ಕಿಂತ ವಯಸ್ಸು ಮಾಡುವ ವ್ಯತ್ಯಾಸವೇ ದೊಡ್ಡದು. ಹದಿಹರೆಯದ ಹುಡುಗನಿಗೂ ನಲವತ್ತೈದರ ಗಂಡಸಿಗೂ ಇರುವ ದೂರ, ಗಂಡಸಿಗೂ ಹೆಂಗಸಿಗೂ ಇರುವ ದೂರಕ್ಕಿಂತ ಹೆಚ್ಚು. ಅದಕ್ಕೆಂದು ನಲವತ್ತೈದರ ಗಂಡಸರಿಗಾಗಿ ಬೂದು ಬಣ್ಣದ ಗೇಮ್ ಮಾಡೋಣ ಎಂದು ಯಾವ ಕಂಪನಿಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೆಂಗಸರಿಗೆ ಮಾತ್ರ ಗುಲಾಬಿ ಬಣ್ಣ ತಕ್ಷಣ ನೆನಪಾಗುತ್ತದೆ.

ಶೂಟರ್‌ಗಳಲ್ಲಿ ಹೆಂಗಸರು ಕಡಿಮೆ ಇರುವುದು ರುಚಿಯಿಂದಲೇ ಅಂದುಕೊಳ್ಳುವ ಮೊದಲು ಇದನ್ನು ನೋಡಿ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 'ಹೇಲೋ 3' ಎಂಬ ಶೂಟರ್ ಅನ್ನು ಆನ್‌ಲೈನಿನಲ್ಲಿ ಆಡುವಾಗ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದೇ ಬಗೆಯ ಸಭ್ಯ ಮಾತುಗಳನ್ನು ಒಮ್ಮೆ ಗಂಡುದನಿಯಲ್ಲಿ, ಒಮ್ಮೆ ಹೆಣ್ಣುದನಿಯಲ್ಲಿ ಕೇಳಿಸಿದರು. ಹೆಣ್ಣುದನಿಗೆ ಬಂದ ಕೆಟ್ಟ ಮಾತುಗಳು ಗಂಡುದನಿಗೆ ಬಂದದ್ದರ ಮೂರು ಪಟ್ಟು. ನಮ್ಮಲ್ಲಿ ಬಿಜಿಎಂಐ (ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಮೊಬೈಲ್ ಗೇಮ್) ಆಡುವ ಹುಡುಗಿಯರನ್ನು ಕೇಳಿ: ಮೈಕ್ ಆಫ್, ಐಡಿಯಲ್ಲಿ ಗಂಡು ಹೆಸರು ಅಥವಾ ಯಾವುದೂ ಗೊತ್ತಾಗದ ಹೆಸರು, ಸ್ಕ್ವಾಡ್‌ನಲ್ಲಿ ಪರಿಚಯದವರು ಮಾತ್ರ. ಹೀಗೆ ಆಡುವವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಬೇಸತ್ತು ಬಿಟ್ಟುಹೋದವರನ್ನು ನಾವು 'ಇಷ್ಟವಿಲ್ಲದವರು' ಎಂದು ಬರೆದುಕೊಳ್ಳುತ್ತೇವೆ.

ಕೈಚಳಕದ ಕತೆಯೂ ಇಷ್ಟೇ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಗೇಮ್ ಆಡಿ ರೂಢಿಯಿಲ್ಲದವರಿಗೆ ಒಟ್ಟು 10 ಗಂಟೆ ಒಂದು ಯುದ್ಧದ ಗೇಮ್ ಆಡಿಸಿದರು. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಪರೀಕ್ಷೆಗಳಲ್ಲಿ ಗಂಡು ಹೆಣ್ಣುಗಳ ನಡುವೆ ಮೊದಲಿದ್ದ ಅಂತರ ಆಮೇಲೆ ಬಹಳ ಕಡಿಮೆಯಾಯಿತು. ಬರೀ 10 ಗಂಟೆ! ಪಿಯುಸಿ ರಜೆಯಲ್ಲಿ ತಮ್ಮನಿಗೆ ಸಿಗುವ ಮೂರು ದಿನ ಅದು. ಅಕ್ಕನಿಗೆ ಅದು ಸಿಗುತ್ತದೆಯೇ ಎನ್ನುವುದು ಮನೆಮನೆಯ ವಿಷಯ.

ಕ್ಯಾಂಡಿ ಕ್ರಷ್ ಯಾಕೆ ಅಷ್ಟು ಹರಡಿತು ಎನ್ನುವುದಕ್ಕೂ ಉತ್ತರ ಇಲ್ಲಿದೆ ಎಂದು ನನ್ನ ನಂಬಿಕೆ. ಕುಕ್ಕರ್ ಕೂಗಿದರೆ ಫೋನ್ ಕೆಳಗಿಡಬಹುದು, ಯಾರೂ ಬೈಯುವುದಿಲ್ಲ, ಸ್ಕ್ವಾಡ್ ಸೋಲುವುದಿಲ್ಲ. ವಾಪಸು ಬಂದಾಗ ಬೋರ್ಡ್ ಬಿಟ್ಟಲ್ಲೇ ಇರುತ್ತದೆ. ಮಿಠಾಯಿಯ ಆಕಾರಕ್ಕಿಂತ ಈ ಗುಣ ಮುಖ್ಯ. ನಮ್ಮ ಮನೆಗಳಲ್ಲಿ ಹೆಂಗಸರ ಬಿಡುವು ತುಂಡುತುಂಡಾಗಿ ಸಿಗುತ್ತದೆ. ಆ ತುಂಡುಗಳಿಗೆ ಹೊಂದುವ ಆಟ ಗೆದ್ದಿತು. ನಿಮ್ಮ ಕೋಟೆಯ ಆಟವೂ ಎಲ್ಲಿ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಯುವಂತಿದ್ದರೆ, ನಾಯಕ ಯಾರೇ ಇರಲಿ, ಅರ್ಧ ಬಾಗಿಲು ತೆರೆದಂತೆ. ಈಗ ನಿಮ್ಮ ಡೆಮೊದಲ್ಲಿ ಚೆಕ್‌ಪಾಯಿಂಟ್‌ಗಳು, ಅಂದರೆ ಆಟ ತಾನೇ ಉಳಿದುಕೊಳ್ಳುವ ಜಾಗಗಳು, ಎಷ್ಟು ನಿಮಿಷಕ್ಕೊಂದು ಇವೆ ಎಂದು ಗಡಿಯಾರ ಹಿಡಿದು ನೋಡಿ.

ಮಹಿಳೆಯರನ್ನು ನೆನಪಿನಲ್ಲಿಟ್ಟುಕೊಂಡು ಗೇಮ್ ಮಾಡುವುದು ಹೊಸದೇನಲ್ಲ. 1980ರಲ್ಲಿ ಜಪಾನಿನ ತೋರು ಇವಾತಾನಿ 'ಪ್ಯಾಕ್-ಮ್ಯಾನ್' ಮಾಡಿದ್ದೇ, ಗಂಡುಹುಡುಗರೇ ತುಂಬಿದ್ದ ಆರ್ಕೇಡ್‌ಗಳಿಗೆ (ನಾಣ್ಯ ಹಾಕಿ ಗೇಮ್ ಆಡುವ ಅಂಗಡಿಗಳಿಗೆ) ಹೆಂಗಸರೂ ಜೋಡಿಗಳೂ ಬರಲಿ ಎಂದು. ಕೊಲ್ಲುವ ಬದಲು ತಿನ್ನುವ ಆಟವಾಯಿತು. ಹೆಂಗಸರು ಬಂದರು, 1982ರಲ್ಲಿ 'ಮಿಸ್ ಪ್ಯಾಕ್-ಮ್ಯಾನ್' ಕೂಡ ಬಂತು, ತಲೆಗೆ ಒಂದು ಕೆಂಪು ಬೋ ಕಟ್ಟಿಕೊಂಡು. ಅದೇ ಹೊತ್ತಿಗೆ ಅಟಾರಿ ಎಂಬ ಗೇಮ್ ಕಂಪನಿಯಲ್ಲಿ ಡೋನಾ ಬೇಲಿ ಎಂಬ ಪ್ರೋಗ್ರಾಮರ್ ಎಡ್ ಲಾಗ್ ಅವರ ಜೊತೆ ಸೇರಿ 'ಸೆಂಟಿಪೀಡ್' ಮಾಡಿದರು. ಅದು ನೂರಕ್ಕೆ ನೂರು ಗುಂಡು ಹಾರಿಸುವ ಆಟ, ಮತ್ತು ಹೆಂಗಸರಿಗೆ ಬಹಳ ಹಿಡಿಸಿತು. ಈ ಎರಡನೆಯ ಸಂಗತಿಯನ್ನು ಉದ್ಯಮ ಮರೆಯಿತು, ಬೋ ಮಾತ್ರ ನೆನಪಿಟ್ಟುಕೊಂಡಿತು.

ಈಗ ನಾಯಕಿಯರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1986ರ 'ಮೆಟ್ರಾಯ್ಡ್'ನಲ್ಲಿ ಆಟವಿಡೀ ಕವಚದೊಳಗಿದ್ದ ಯೋಧ ಕೊನೆಯಲ್ಲಿ ಹೆಂಗಸು ಎಂದು ಗೊತ್ತಾಗುತ್ತದೆ. ಸೇಮಸ್ ಆರನ್ ಅವಳ ಹೆಸರು. ಎಷ್ಟು ಬೇಗ ಆಟ ಮುಗಿಸಿದರೆ ಅವಳ ಮೈಮೇಲೆ ಅಷ್ಟು ಕಡಿಮೆ ಬಟ್ಟೆ. ನಾಯಕಿ ಎಂಬ ಅಚ್ಚರಿ ಮತ್ತು ನಾಯಕಿಯ ಮೈ ಎಂಬ ಬಹುಮಾನ ಎರಡೂ ಒಟ್ಟಿಗೇ ಹುಟ್ಟಿದವು. 1988ರಲ್ಲಿ ರಾಬರ್ಟಾ ವಿಲಿಯಮ್ಸ್ ತಮ್ಮ 'ಕಿಂಗ್ಸ್ ಕ್ವೆಸ್ಟ್' ಸರಣಿಯ ನಾಲ್ಕನೆಯ ಆಟವನ್ನು ರಾಜಕುಮಾರಿ ರೋಸೆಲ್ಲಾಳ ಕೈಗೆ ಕೊಟ್ಟರು. ಅಲ್ಲಿ ಕಾಯಿಲೆ ಬಿದ್ದ ಅಪ್ಪನನ್ನು ಉಳಿಸಲು ಹೊರಡುವವಳು ಮಗಳು. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ಎಂಟು ಆಟಗಾರರ ನಡುವೆ ಚುನ್-ಲೀ ಒಬ್ಬಳೇ ಹೆಂಗಸು. ಆಮೇಲೆ 1996ರಲ್ಲಿ, ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸ್ಟುಡಿಯೊದಿಂದ, 'ಟೂಂಬ್ ರೈಡರ್'ನ ನಾಯಕಿ ಲಾರಾ ಕ್ರಾಫ್ಟ್.

ಲಾರಾಳ ಬಗ್ಗೆ ನನಗೆ ಇಂದಿಗೂ ಎರಡು ಮನಸ್ಸು. ಅವಳ ರೂಪ ಬರೆದ ಟೋಬಿ ಗಾರ್ಡ್ ಮೊದಲು ಬರೆದುಕೊಂಡದ್ದು ಗಂಡಸಿನ ಪಾತ್ರ. ಬದಲಾಗುತ್ತ ಬದಲಾಗುತ್ತ ಲಾರಾ ಕ್ರೂಸ್ ಆಯಿತು, ಕೊನೆಗೆ ಲಾರಾ ಕ್ರಾಫ್ಟ್. 'ಟೂಂಬ್ ರೈಡರ್'ನೊಳಗೆ ಅವಳು ಒಂಟಿ. ಗುಹೆಯಲ್ಲಿ ಅವಳ ಹೆಜ್ಜೆ ಸದ್ದು, ಉಸಿರು, ಅಂಚಿಗೆ ನೇತಾಡುವ ಕೈ. ಎಷ್ಟು ಹೆಜ್ಜೆ ಹಿಂದೆ ಬಂದು ಓಡಿ ಹಾರಬೇಕು ಎಂದು ನಾನೇ ಎಣಿಸಬೇಕು. ತಪ್ಪಿದರೆ ಅವಳು ಸಾಯುತ್ತಾಳೆ. ಕಾಲೇಜಿನಲ್ಲಿದ್ದಾಗ ಮಾವನ ಮನೆಯ ಕಂಪ್ಯೂಟರ್‌ನಲ್ಲಿ ಅದನ್ನು ಆಡಿದಾಗ, ಪರದೆಯ ಮೇಲೆ ಒಬ್ಬ ಹೆಣ್ಣು ಯಾರ ಸಹಾಯವೂ ಇಲ್ಲದೆ ಬಂಡೆ ಹತ್ತುವುದನ್ನು ನಾನು ಮೊದಲ ಸಲ ನೋಡಿದೆ. ಅವಳನ್ನು ಹತ್ತಿಸುತ್ತಿದ್ದುದು ನನ್ನ ಬೆರಳು. ಆಟದ ಹೊರಗೆ, ಜಾಹೀರಾತಿನಲ್ಲಿ, ಪೋಸ್ಟರಿನಲ್ಲಿ ಅವಳು ಬೇರೆಯೇ: ಎದೆ, ತೊಡೆ, ಕ್ಯಾಮೆರಾಕ್ಕೊಂದು ನಗು. ಗಾರ್ಡ್ ಮೊದಲ ಆಟದ ನಂತರ ಕಂಪನಿ ಬಿಟ್ಟರು. ಅವಳನ್ನು ಪ್ರೀತಿಸಿದ ಹೆಂಗಸರು ಬಹಳ ಜನ ಇದ್ದಾರೆ, ಅವಳಿಂದ ಮುಜುಗರಪಟ್ಟವರೂ ಅಷ್ಟೇ ಇದ್ದಾರೆ. ಎಷ್ಟೋ ಸಲ ಇಬ್ಬರೂ ಒಬ್ಬಳೇ.

ಅಮೆರಿಕದ ಸಂಶೋಧಕರ ಒಂದು ತಂಡ 1983ರಿಂದ 2014ರವರೆಗಿನ ಗೇಮ್‌ಗಳಲ್ಲಿ ಆಟಗಾರರ ಕೈಗೆ ಸಿಗುವ 571 ಹೆಣ್ಣುಪಾತ್ರಗಳನ್ನು ಒಂದೊಂದಾಗಿ ಪರಿಶೀಲಿಸಿತು. ಮೈ ತೋರಿಸುವ ಚಾಳಿ 1990ರ ದಶಕದಲ್ಲಿ ತುತ್ತತುದಿ ಮುಟ್ಟಿ, 2006ರ ನಂತರ ಇಳಿಯುತ್ತ ಬಂದಿದೆ ಎನ್ನುವುದು ಅವರ ಮುಖ್ಯ ಕಾಣ್ಕೆ. ಆದರೆ ಹೆಣ್ಣು ಬಹಳಷ್ಟು ಕಡೆ ಇನ್ನೂ ಎರಡನೆಯ ಸಾಲಿನ ಪಾತ್ರ. ಬಟ್ಟೆ ಸರಿಯಾಯಿತು, ಕೆಲಸ ಸಿಗಲಿಲ್ಲ.

ಹಾಗಂತ ಬಟ್ಟೆಯ ಉದ್ದ ಅಳೆದು ಹೆಂಗಸರ ರುಚಿ ಹೇಳಲು ಹೋದರೂ ಎಡವುತ್ತೀರಿ. 2009ರ 'ಬೆಯೊನೆಟ್ಟಾ' ನೋಡಿ. ಅವಳ ಕೂದಲೇ ಅವಳ ಉಡುಪು, ಅದೇ ಆಯುಧ. ಹೊಡೆತಕ್ಕೆ ಕೂದಲು ಬಳಸಿದಾಗ ಉಡುಪು ಕಡಿಮೆಯಾಗುತ್ತದೆ. ಆ ಪಾತ್ರದ ರೂಪ ಬರೆದವರು ಮಾರಿ ಶಿಮಾಜಾಕಿ, ಮಹಿಳೆ. ಅವಳ ಠೀವಿಯನ್ನು, ಯಾರಿಗೂ ಕ್ಯಾರೇ ಎನ್ನದ ನಡಿಗೆಯನ್ನು ಮೆಚ್ಚುವ ಹುಡುಗಿಯರು ನನ್ನ ತಂಡದಲ್ಲೇ ಇದ್ದಾರೆ. ನನಗೆ ಅವಳು ಹಿಡಿಸಲಿಲ್ಲ. ಇದೂ ರುಚಿಯೇ, ಇಬ್ಬರು ಹೆಂಗಸರು ಒಂದೇ ನಾಯಕಿಯ ಬಗ್ಗೆ ಜಗಳವಾಡುವಷ್ಟು ಬೇರೆಬೇರೆ.

ಎಂಥ ನಾಯಕಿ ಇಷ್ಟ ಎಂದರೆ ನಾನು ಕೊಡುವ ಒಂದೇ ಉದಾಹರಣೆ 'ಮಾಸ್ ಎಫೆಕ್ಟ್'ನ ಕಮಾಂಡರ್ ಶೆಪರ್ಡ್. 2007ರಲ್ಲಿ ಶುರುವಾದ ಈ ಸರಣಿಯಲ್ಲಿ ಶೆಪರ್ಡ್ ಗಂಡೋ ಹೆಣ್ಣೋ ನೀವೇ ಆರಿಸಿಕೊಳ್ಳಬೇಕು. ಗಂಡಿಗೆ ಮಾರ್ಕ್ ಮೀರ್ ದನಿ, ಹೆಣ್ಣಿಗೆ ಜೆನಿಫರ್ ಹೇಲ್ ದನಿ. ಪ್ರೀತಿಪ್ರೇಮದ ಕೆಲವು ಕಡೆ ಬಿಟ್ಟರೆ ಇಬ್ಬರಿಗೂ ಹೆಚ್ಚುಕಡಿಮೆ ಅದೇ ಸಂಭಾಷಣೆ. ಅದೇ ಸಭೆಯಲ್ಲಿ ಅದೇ ಮಾತು, ಅದೇ ಯುದ್ಧಕ್ಕೆ ಅದೇ ಆಜ್ಞೆ. ಹೆಣ್ಣಾದದ್ದಕ್ಕೆ ಯಾರೂ ಅವಳಿಂದ ವಿವರಣೆ ಕೇಳುವುದಿಲ್ಲ, 'ಹೆಣ್ಣಾದರೂ ಧೈರ್ಯವಂತೆ' ಎಂದು ಬೆನ್ನು ತಟ್ಟುವುದಿಲ್ಲ. ಹೇಲ್ ಅವರ ದನಿಯಲ್ಲಿ ಆ ಅಧಿಕಾರ ಸಹಜವಾಗಿ ಬರುತ್ತದೆ. ನಾನು ಮಾತಾಡಿಸಿದ ಎಷ್ಟೋ ಹೆಂಗಸರು ಈ ಒಂದು ಪಾತ್ರಕ್ಕಾಗಿಯೇ ಗೇಮ್ ಆಡಲು ಶುರು ಮಾಡಿದವರು.

ಆದರೂ 2011ರಲ್ಲಿ ಕಂಪನಿಯೇ ಹೇಳಿದ ಲೆಕ್ಕದ ಪ್ರಕಾರ ಹೆಣ್ಣು ಶೆಪರ್ಡ್ ಆರಿಸಿದವರು ಶೇ. 18 ಮಾತ್ರ. ಅಷ್ಟರವರೆಗೆ ಡಬ್ಬಿಯ ಮೇಲೆ, ಟ್ರೈಲರಿನಲ್ಲಿ ಗಂಡು ಶೆಪರ್ಡ್‌ನ ಮುಖವೇ. ಹೆಣ್ಣು ಶೆಪರ್ಡ್ ಇದ್ದಾಳೆ ಎಂದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅಭಿಮಾನಿಗಳು ಪಟ್ಟು ಹಿಡಿದ ಮೇಲೆ 2012ರ ಮೂರನೆಯ ಆಟಕ್ಕೆ ತಿರುಗಿಸಿ ಹಾಕಬಹುದಾದ ಕವರ್ ಬಂತು, ಹಿಂಬದಿಯಲ್ಲಿ ಅವಳ ಮುಖ. 2021ರಲ್ಲಿ ಮೂರೂ ಆಟಗಳನ್ನು ಹೊಸದಾಗಿ ಬಿಟ್ಟಾಗ ಅವಳನ್ನು ಆರಿಸಿದವರು ಶೇ. 32. ಆಟದೊಳಗಿನ ನಾಯಕಿ ಬದಲಾಗಲಿಲ್ಲ, ದನಿ ಅದೇ, ಮಾತು ಅದೇ. ಹತ್ತು ವರ್ಷದಲ್ಲಿ ಜನರೂ ಬದಲಾಗಿರಬಹುದು; ಆದರೆ ಮೊದಲು ಮುಚ್ಚಿಟ್ಟು ಆಮೇಲೆ 'ಯಾರೂ ಆರಿಸಲಿಲ್ಲ' ಎನ್ನುವ ಲೆಕ್ಕವನ್ನು ನಾನು ರುಚಿಯ ಲೆಕ್ಕ ಎಂದು ಒಪ್ಪುವುದಿಲ್ಲ.

ನಿಮ್ಮ ಮೂರನೆಯ ಗೆಳೆಯನ ಭಯ ಇಲ್ಲಿಂದಲೇ ಹುಟ್ಟಿದ್ದು. ದೊಡ್ಡ ದೊಡ್ಡ ಪಬ್ಲಿಷರ್‌ಗಳಿಗೂ ಇದೇ ಭಯ. ಫ್ರಾನ್ಸಿನ ಡೋಂಟ್‌ನಾಡ್ ಸ್ಟುಡಿಯೊದವರು 2013ರ 'ರಿಮೆಂಬರ್ ಮಿ' ಗೇಮನ್ನು ಹಿಡಿದು ಹೋದಾಗ ನಾಯಕಿ ಬೇಡ ಎಂಬ ಮಾತನ್ನು ಹಲವು ಕಡೆ ಕೇಳಬೇಕಾಯಿತು. ಎರಡು ವರ್ಷದ ನಂತರ ಅವರದೇ 'ಲೈಫ್ ಈಸ್ ಸ್ಟ್ರೇಂಜ್'ಗೂ ಅದೇ ಅನುಭವ. 'ದ ಲಾಸ್ಟ್ ಆಫ್ ಅಸ್' ಮಾಡುವಾಗ, ಪರೀಕ್ಷೆಗೆ ಕೂರಿಸುವ ಆಟಗಾರರಲ್ಲಿ ಹೆಂಗಸರೂ ಇರಲಿ ಎಂದು ಅದನ್ನು ಮಾಡಿದ ನಾಟಿ ಡಾಗ್ ಸ್ಟುಡಿಯೊದವರೇ ಕೇಳಿಕೊಳ್ಳಬೇಕಾಯಿತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆಯೂ ಹೀಗೇ: ಪ್ಲೇಟೆಸ್ಟ್‌ಗೆ ಜನ ಕರೆಸುವ ಹಾಳೆಯಲ್ಲಿ 'ಪುರುಷ, 18ರಿಂದ 30' ಎಂದು ಅಚ್ಚಾಗಿತ್ತು. ಬಂದವರೆಲ್ಲ ಪುರುಷರು. ಕೊನೆಗೆ ವರದಿಯಲ್ಲಿ 'ಮಹಿಳೆಯರಲ್ಲಿ ಆಸಕ್ತಿ ಕಂಡುಬಂದಿಲ್ಲ' ಎಂದು ಬರೆದರು. ನಾನು ಎದ್ದು ಹೇಳಿದೆ. ಆ ಸಾಲು ಹೋಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

2018ರ 'ಅಸ್ಸಾಸಿನ್ಸ್ ಕ್ರೀಡ್ ಒಡಿಸ್ಸಿ'ಯಲ್ಲಿ ಕಸಾಂದ್ರಾ, ಅಲೆಕ್ಸಿಯೋಸ್ ಇಬ್ಬರಲ್ಲಿ ಒಬ್ಬರನ್ನು ಆರಿಸಬಹುದಿತ್ತು. ಕಸಾಂದ್ರಾ ಒಬ್ಬಳೇ ನಾಯಕಿಯಾಗಿರಲಿ ಎಂದು ತಂಡದವರು ಬಯಸಿದ್ದರೆಂದೂ, ನಾಯಕಿಯರು ಮಾರಾಟವಾಗುವುದಿಲ್ಲ ಎಂದು ಮೇಲಿನವರು ತಡೆದರೆಂದೂ 2020ರಲ್ಲಿ ವರದಿಗಳು ಬಂದವು. ಅದಕ್ಕಿಂತ ಮೊದಲು, 2014ರಲ್ಲಿ, ಅದೇ ಸರಣಿಯ ಇನ್ನೊಂದು ಆಟದಲ್ಲಿ ಜೊತೆಗೂಡಿ ಆಡುವಾಗ ಹೆಣ್ಣುಪಾತ್ರ ಯಾಕಿಲ್ಲ ಎಂದು ಕೇಳಿದರೆ, ಅನಿಮೇಷನ್ ಕೆಲಸ ದುಪ್ಪಟ್ಟಾಗುತ್ತದೆ ಎಂಬ ಉತ್ತರ ಬಂತು. ಆ ಸರಣಿಯಲ್ಲೇ ಹಿಂದೆ ದುಡಿದಿದ್ದ ಅನಿಮೇಟರ್ ಜೊನಾಥನ್ ಕೂಪರ್, ಅದು ಒಂದೆರಡು ದಿನದ ಕೆಲಸ ಎಂದು ತಿರುಗಿ ಹೇಳಿದರು. ನಿಮ್ಮ ತಂಡದಲ್ಲಿ ಅನಿಮೇಷನ್ ಮಾಡುವವರು ಇದನ್ನು ಗಮನಿಸಲಿ.

ಇನ್ನು ಹುಡುಗರು ಡೌನ್‌ಲೋಡ್ ಮಾಡುವುದಿಲ್ಲ ಎನ್ನುವುದು. ನಾಯಕಿ ಏಲೋಯ್ ಒಬ್ಬಳನ್ನೇ ನಂಬಿ ಬಂದ 'ಹರೈಜನ್ ಝೀರೊ ಡಾನ್' 2017ರಲ್ಲಿ ಬಿಡುಗಡೆಯಾಗಿ ಎರಡು ವರ್ಷದೊಳಗೆ 1 ಕೋಟಿ, 2021ರ ಕೊನೆಗೆ 2 ಕೋಟಿ ಪ್ರತಿ ಮಾರಾಟವಾಯಿತು. ಹೆಂಗಸರೇ ಕೊಂಡು ಆದ ಸಂಖ್ಯೆ ಅದಲ್ಲ. ಕ್ವಾಂಟಿಕ್ ಫೌಂಡ್ರಿಯ ಇನ್ನೊಂದು ಸಮೀಕ್ಷೆಯಲ್ಲಿ, ಆಯ್ಕೆ ಕೊಟ್ಟರೆ ಹೆಣ್ಣುಪಾತ್ರವನ್ನೇ ಆಡುತ್ತೇವೆ ಎಂದ ಗಂಡಸರು ಹತ್ತಿರಹತ್ತಿರ ಮೂರರಲ್ಲಿ ಒಂದು ಭಾಗ. ಗಂಡುಪಾತ್ರ ಬಯಸುವ ಹೆಂಗಸರು ಅದಕ್ಕಿಂತ ಬಹಳ ಕಡಿಮೆ. ಅಂದರೆ ಹುಡುಗರು ಹುಡುಗಿಯಾಗಿ ಆಡಲು ಹಿಂಜರಿಯುವುದು ನೀವು ಅಂದುಕೊಂಡಷ್ಟಿಲ್ಲ. ಹೆಂಗಸರಿಗೆ ತಮ್ಮಂಥವಳೊಬ್ಬಳು ಪರದೆಯ ಮೇಲೆ ಬೇಕು ಎನ್ನುವ ಆಸೆ ನೀವು ಅಂದುಕೊಂಡದ್ದಕ್ಕಿಂತ ಗಟ್ಟಿ.

ಹೆಂಗಸರೇ ಹೆಂಗಸರಿಗಾಗಿ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಜಪಾನಿನ ಕೋಯಿ ಕಂಪನಿಯ ಸಹಸಂಸ್ಥಾಪಕಿ ಕೇಕೊ ಎರಿಕಾವಾ ಹೆಂಗಸರದ್ದೇ ಒಂದು ತಂಡ ಕಟ್ಟಿ, ರೂಬಿ ಪಾರ್ಟಿ ಎಂದು ಹೆಸರಿಟ್ಟು, 1994ರಲ್ಲಿ 'ಏಂಜೆಲಿಕ್' ಎಂಬ ಗೇಮ್ ತಂದರು. 'ಒಟೊಮೆ' ಎಂಬ ಪ್ರಕಾರಕ್ಕೆ ಅದೇ ನಾಂದಿ. ಹೊರಗಿನಿಂದ ನೋಡಿದರೆ ಒಬ್ಬ ಹುಡುಗಿ, ಸುತ್ತ ಸುಂದರ ಯುವಕರು, ಪ್ರೇಮ. ಒಳಗೆ ಹೋದರೆ ರಾಣಿಯ ಪಟ್ಟಕ್ಕೆ ಇಬ್ಬರು ಹುಡುಗಿಯರ ಪೈಪೋಟಿ. ಒಂದೊಂದು ಭೂಭಾಗವನ್ನು ಬೆಳೆಸಿ ಎದುರಾಳಿಯನ್ನು ಹಿಂದೆ ಹಾಕಬೇಕು. ನಮ್ಮ ಚೆನ್ನೆಮಣೆಯೇ! ಆ ಪ್ರಕಾರ ಬೆಳೆದು, 2024ರಲ್ಲಿ ಬಂದ ಚೀನಾದ 'ಲವ್ ಆಂಡ್ ಡೀಪ್‌ಸ್ಪೇಸ್' ಒಂದು ವರ್ಷದಲ್ಲಿ ಜಗತ್ತಿನಾದ್ಯಂತ 5 ಕೋಟಿ ಬಳಕೆದಾರರನ್ನು ಮುಟ್ಟಿತು. ಅದರಲ್ಲಿ ಪ್ರೇಮವೂ ಇದೆ, ರಾಕ್ಷಸರ ಜೊತೆ ಹೊಡೆದಾಟವೂ ಇದೆ.

ನಮ್ಮ ದೇಶದ ಮಾದರಿ ಬೇಕಿದ್ದರೆ ಪುಣೆಯ ನಾಡಿಂಗ್ ಹೆಡ್ಸ್ ಸ್ಟುಡಿಯೊದ 'ರಾಜಿ' ಆಡಿ. 2020ರಲ್ಲಿ ಬಂತು. ಅಸುರರು ಹೊತ್ತುಕೊಂಡು ಹೋದ ತಮ್ಮ ಗೋಲುವನ್ನು ಅಕ್ಕ ಹುಡುಕುತ್ತ ಹೊರಡುವ ಕತೆ. ನಿಮ್ಮದರ ಕನ್ನಡಿ ಬಿಂಬ. ರಾಜಿ ಸರ್ಕಸ್ಸಿನಲ್ಲಿ ಬೆಳೆದ ಹುಡುಗಿ, ಆದ್ದರಿಂದ ಅವಳು ಕಂಬ ಸುತ್ತುವುದು, ಗೋಡೆಗೆ ಕಾಲೊತ್ತಿ ಹಾರುವುದು ಎಲ್ಲ ಅವಳ ಕಸುಬಿನಿಂದ ಬಂದ ಚಲನೆ. ಮೈಯ ಮೇಲಲ್ಲ, ಮೈಯ ವಿದ್ಯೆಯ ಮೇಲೆ ಕಣ್ಣಿಟ್ಟು ಮಾಡಿದ ಪಾತ್ರ. ಟೊರೊಂಟೊದಲ್ಲಿ ತಯಾರಾದ, 2023ರ 'ವೆಣ್ಬಾ'ದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳಾಗಿ ನೀವು ಇಡ್ಲಿ ಬೇಯಿಸುತ್ತೀರಿ, ಹರಿದ ಅಡುಗೆ ಪುಸ್ತಕದ ಮಸುಕಾದ ಸಾಲುಗಳನ್ನು ಊಹಿಸುತ್ತೀರಿ. ಅದಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಗೇಮ್ ಪ್ರಶಸ್ತಿ ಬಂತು. ಅಮ್ಮನೊಬ್ಬಳು ನಾಯಕಿಯಾಗಬಹುದು ಎಂದು ನಮ್ಮ ಉದ್ಯಮಕ್ಕೆ ಹೊಳೆಯಲು ಇಷ್ಟು ಕಾಲ ಬೇಕಾಯಿತು.

ಈಗ ನಿಮ್ಮ ಆಟ. ಹುಡುಗನ ಮಾಡೆಲ್‌ಗೆ ಜಡೆ ಅಂಟಿಸಿ 'ನಾಯಕಿಯೂ ಇದ್ದಾಳೆ' ಎನ್ನುವುದಾದರೆ ಬೇಡ. ಹಾಕುವುದಾದರೆ ಅವಳೂ ಅಷ್ಟೇ ಎತ್ತರ ಹಾರಲಿ, ಅಷ್ಟೇ ಪೆಟ್ಟು ತಾಳಲಿ; 'ಹುಡುಗಿ ಆರಿಸಿದರೆ ಸುಲಭ' ಎನ್ನುವ ಹಂತ ಇರುವುದು ಬೇಡ. ಕೋಟೆಯ ಗೋಡೆ ಹತ್ತುವವಳು ಏನು ಉಟ್ಟಿರುತ್ತಾಳೆ ಎಂದು ಯೋಚಿಸಿ ಉಡುಪು ಬರೆಯಿರಿ: ಸೆರಗು ಬಿಗಿದು ಕಟ್ಟಿದ್ದಾಳೋ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಸುತ್ತಿದ್ದಾಳೋ. ಬಿದ್ದಾಗ ಅವಳ ಬಾಯಿಂದ ಬರುವುದು ನೋವಿನ ಸದ್ದಾಗಿರಲಿ, ಶೃಂಗಾರದ ನರಳಾಟ ಬೇಡ. ಈ ಒಂದು ಧ್ವನಿಮುದ್ರಣದಲ್ಲಿ ಎಷ್ಟು ಗೇಮ್‌ಗಳು ಹೆಣ್ಣುಮಕ್ಕಳನ್ನು ಕಳೆದುಕೊಂಡಿವೆಯೋ! ಪ್ಲೇ ಸ್ಟೋರ್‌ನ ಐಕಾನ್‌ನಲ್ಲಿ, ಮೊದಲ ಸ್ಕ್ರೀನ್‌ಶಾಟ್‌ನಲ್ಲಿ ಅವಳು ಕಾಣಲಿ. ಇಲ್ಲದಿದ್ದರೆ ಶೆಪರ್ಡ್‌ಗೆ ಆದ ಗತಿಯೇ.

ಡೆಮೊ ಆಡಿಸಲು ಹುಡುಗಿಯರನ್ನು ಕರೆಯಿರಿ. ಅಣ್ಣ, ಗೆಳೆಯ ಯಾರೂ ಬೆನ್ನ ಹಿಂದೆ ನಿಂತು 'ಹಂಗಲ್ಲ, ಹಿಂಗ್ ಒತ್ತು' ಎನ್ನಬಾರದು. ಮೊದಲ ಹತ್ತು ನಿಮಿಷದ ಆಟ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಸ್ಟಿಕ್ ಹಿಡಿದು ಕ್ಯಾಮೆರಾ ತಿರುಗಿಸುವುದು ರೂಢಿಯ ಮಾತು, ಟೊರೊಂಟೊದ 10 ಗಂಟೆ ನೆನಪಿರಲಿ. ಮಕ್ಕಳು ಶಾಲೆಗೆ ಹೋದ ಮೇಲೆ ಬಿಡುವಾಗುವ ನಿಮ್ಮ ಅತ್ತಿಗೆಯನ್ನೂ ಕೂರಿಸಿ. ನಲವತ್ತು ದಾಟಿದ ಹೆಂಗಸರು ಒಗಟಿನ ಕೋಣೆಗಳಲ್ಲಿ ನಿಮ್ಮನ್ನು ಬೆರಗುಗೊಳಿಸುತ್ತಾರೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ.

ಕೊನೆಯದಾಗಿ ಆ ತಂಗಿಯ ವಿಷಯ. ನಿಮ್ಮ ಪ್ರಶ್ನೆಯನ್ನು ಓದಿದಾಗಿನಿಂದ ನನ್ನ ತಲೆಯಲ್ಲಿರುವುದು ಅವಳೇ. ಹೊಸ ನಾಯಕಿಯನ್ನು ಎಲ್ಲಿಂದಲೋ ತರುವ ಅಗತ್ಯ ನಿಮಗಿಲ್ಲ. ಕೊನೆಯ ಕೋಣೆಯಲ್ಲಿ ಒಬ್ಬಳು ಆಗಲೇ ಕೂತಿದ್ದಾಳೆ. ಅಷ್ಟು ದಿನ ಆ ಕೋಟೆಯೊಳಗೆ ಇದ್ದವಳಿಗೆ ಕಾವಲುಗಾರರು ಯಾವ ಹೊತ್ತಿಗೆ ಬದಲಾಗುತ್ತಾರೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾರ ಸೊಂಟದಲ್ಲಿ ಯಾವ ಬೀಗದ ಕೈ ಇದೆ ಎಂದು ಹೊರಗಿನಿಂದ ಬರುವ ಅಣ್ಣನಿಗಿಂತ ಚೆನ್ನಾಗಿ ಗೊತ್ತು. ಅಣ್ಣ ಹೊರಗಿನಿಂದ ಗೋಡೆ ಹತ್ತುವ ಒಂದು ಹಂತ, ತಂಗಿ ಒಳಗಿನಿಂದ ಕಿಂಡಿ ಕೊರೆಯುವ ಒಂದು ಹಂತ. ಅವಳು ಒಳಗೆ ಸರಿಸಿದ ಕಲ್ಲು ಅವನ ದಾರಿಗೆ ಮೆಟ್ಟಿಲಾಗಲಿ, ಅವನು ಹೊರಗೆ ಮಾಡಿದ ಸದ್ದು ಅವಳ ಕಾವಲುಗಾರನನ್ನು ಆಚೆ ಕಳಿಸಲಿ. ಕೋಟೆಯ ಮಾಡೆಲ್‌ಗಳು, ಗೋಡೆಗಳು, ಕಾವಲುಗಾರರು ಎಲ್ಲ ನಿಮ್ಮಲ್ಲಿ ಈಗಾಗಲೇ ಇವೆ. ಅವಳ ಒಂದೇ ಒಂದು ಹಂತವನ್ನು ಮೊದಲು ಮಾಡಿ, ಒಂದಿಬ್ಬರು ಹುಡುಗಿಯರ ಕೈಗೆ ಫೋನ್ ಕೊಟ್ಟು, ದೂರ ಕೂತು ನೋಡಿ. ಅವಳಿಗೆ ಇನ್ನೂ ಹೆಸರಿಟ್ಟಿಲ್ಲದಿದ್ದರೆ, ಆ ಕೆಲಸವನ್ನೂ ಅವರಿಗೇ ಬಿಡಿ.